ಕುದುರೆಯ ಎದೆಬಡಿತ ನಡುವೆ ತಪ್ಪಿದರೆ ಅದು ಹಾರ್ಟ್ ಅಟ್ಯಾಕ್ ಲಕ್ಷಣವೇ? ಲಯ ಕೆಡುವುದು ಹೇಗೆ, ಅಪಾಯ ಯಾವಾಗ?

ಮದುವೆ ಮೆರವಣಿಗೆಯಲ್ಲಿ ಕುದುರೆ ಕುಸಿದು ಬೀಳುವ ವಿಡಿಯೊ, ರೇಸ್ ಕೋರ್ಸಿನಲ್ಲಿ ಓಡುತ್ತಿದ್ದ ಕುದುರೆ ದಿಢೀರನೆ ನೆಲಕ್ಕುರುಳುವ ವಿಡಿಯೊ ಆಗಾಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತವೆ. ಕೆಳಗೆ ಯಾರಾದರೊಬ್ಬರು ಬರೆದಿರುತ್ತಾರೆ: 'ಪಾಪ, ಹಾರ್ಟ್ ಅಟ್ಯಾಕ್.' ಅಷ್ಟಕ್ಕೆ ವಿಷಯ ಮುಗಿಯುತ್ತದೆ, ವಿಡಿಯೊ ಮುಂದಿನ ಗುಂಪಿಗೆ ಹೋಗುತ್ತದೆ. ಕುದುರೆ ಸಾಕುವವರಲ್ಲಿ ಇನ್ನೊಂದು ಭಯವೂ ಇರುತ್ತದೆ. ಕುದುರೆಯ ಎದೆಗೆ ಕಿವಿ ಕೊಟ್ಟಾಗ ಬಡಿತ ನಡುವೆ ಒಂದು ಕ್ಷಣ ನಿಂತಂತೆ ಕೇಳಿಸಿದರೆ 'ಇದರ ಹೃದಯ ಕೆಟ್ಟಿದೆ' ಎಂದುಕೊಳ್ಳುತ್ತಾರೆ.

ಈ ಎರಡೂ ಮಾತುಗಳು ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು. ಆದರೆ ಕುದುರೆಯ ಹೃದಯದ ಲಯ ಕೆಡುವುದು ನಿಜ. ಕೆಲವು ಬಗೆಯ ಲಯದೋಷಗಳು ಕುದುರೆಗೂ, ಅದರ ಮೇಲೆ ಕುಳಿತವರಿಗೂ ಅಪಾಯ ತರಬಲ್ಲವು ಎಂಬುದೂ ನಿಜ. ಯಾವುದು ಸಹಜ, ಯಾವುದು ಕಾಯಿಲೆ ಎಂದು ಗುರುತಿಸುವುದು ಹೇಗೆ? ನೋಡೋಣ.

ಚುಟುಕು ಉತ್ತರ

- ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ಹೃದಯ ನಡುನಡುವೆ ಒಂದು ಬಡಿತ ಬಿಡುವುದು ಸಾಮಾನ್ಯ. ಸ್ವಲ್ಪ ನಡೆಸಿದರೆ, ಓಡಿಸಿದರೆ ಅದು ಸರಿಹೋಗುತ್ತದೆ.
- ಯಾವ ಕ್ರಮವೂ ಇಲ್ಲದೆ ಅಡ್ಡಾದಿಡ್ಡಿ ಬಡಿಯುತ್ತಿದ್ದರೆ, ನಡೆಸಿದರೂ ಸರಿಯಾಗದಿದ್ದರೆ ಅದು ಕಾಯಿಲೆ ಇರಬಹುದು. ಇಸಿಜಿ ಮಾಡಿಸಬೇಕು.
- ಮನುಷ್ಯರಿಗೆ ಆಗುವಂತೆ ರಕ್ತನಾಳ ಕಟ್ಟಿಕೊಂಡು ಆಗುವ ಹಾರ್ಟ್ ಅಟ್ಯಾಕ್ ಕುದುರೆಗಳಲ್ಲಿ ಬಹಳ ಅಪರೂಪ.
- ಲಯ ಕೆಡಲು ಉಪ್ಪಿನಂಶದ ನಷ್ಟ, ತಪ್ಪು ಆಹಾರ, ವಿಷದ ಗಿಡ ಮುಂತಾದ ಕಾರಣಗಳೂ ಇರುತ್ತವೆ. ಇವುಗಳಲ್ಲಿ ಹಲವನ್ನು ತಡೆಯಬಹುದು.

ಸರಿಯಾದ ಬಡಿತ ಹೇಗಿರುತ್ತದೆ?

ಕುದುರೆಯ ಹೃದಯ ದೊಡ್ಡದು. ಮನುಷ್ಯರ ಹೃದಯ ಸುಮಾರು 300 ಗ್ರಾಂ ತೂಗಿದರೆ, 450 ಕಿಲೋ ತೂಕದ ರೇಸ್ ಕುದುರೆಯ ಹೃದಯ ನಾಲ್ಕು ಕಿಲೋಗೂ ಹೆಚ್ಚು. ಅಂದರೆ ದೇಹದ ತೂಕದ ಸುಮಾರು ಶೇ 1ರಷ್ಟು. ಆಸ್ಟ್ರೇಲಿಯಾದ ಹೆಸರಾಂತ ರೇಸ್ ಕುದುರೆ ಫಾರ್ ಲ್ಯಾಪ್ 1932ರಲ್ಲಿ ಸತ್ತಾಗ ಅದರ ಹೃದಯ ಆರು ಕಿಲೋಗೂ ಹೆಚ್ಚಿತ್ತು. ಅದನ್ನು ಇಂದಿಗೂ ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಇಷ್ಟು ದೊಡ್ಡ ಪಂಪ್ ಒಂದು ಬಡಿತಕ್ಕೆ ಸುಮಾರು ಒಂದು ಲೀಟರ್ ರಕ್ತ ತಳ್ಳುತ್ತದೆ. ಹಾಗಾಗಿ ಸುಮ್ಮನೆ ನಿಂತಾಗ ಅದು ಅವಸರ ಪಡಬೇಕಾಗಿಲ್ಲ. ನಮ್ಮ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿದರೆ, ವಿಶ್ರಾಂತಿಯಲ್ಲಿರುವ ಕುದುರೆಯದು 28ರಿಂದ 44 ಸಲ. ಅದೇ ಕುದುರೆ ಪೂರ್ಣ ವೇಗದಲ್ಲಿ ಓಡುವಾಗ ನಿಮಿಷಕ್ಕೆ 220ರಿಂದ 240ರವರೆಗೆ ಏರುತ್ತದೆ. ನಿಂತಾಗಿನ ಬಡಿತಕ್ಕಿಂತ ಆರೇಳು ಪಟ್ಟು ಹೆಚ್ಚು! ಮನುಷ್ಯರಲ್ಲಿ ಇಷ್ಟು ಅಂತರ ಸಾಮಾನ್ಯವಾಗಿ ಕಾಣುವುದಿಲ್ಲ.

ಬಡಿತ ಹುಟ್ಟುವುದು ವಿದ್ಯುತ್ ಸಂಕೇತದಿಂದ. ಹೃದಯದಲ್ಲಿ ಮೇಲೆ ಎರಡು, ಕೆಳಗೆ ಎರಡು ಕೋಣೆಗಳಿವೆ. ಮೇಲಿನ ಬಲ ಕೋಣೆಯಲ್ಲಿರುವ ಒಂದು ಪುಟ್ಟ ಜೀವಕೋಶಗಳ ಗುಂಪು ಸಂಕೇತ ಕಳಿಸುತ್ತದೆ. ಮೊದಲು ಮೇಲಿನ ಕೋಣೆಗಳು ಹಿಂಡಿಕೊಳ್ಳುತ್ತವೆ. ಆಮೇಲೆ ಸಂಕೇತ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಒಂದು ಗೇಟನ್ನು ದಾಟಬೇಕು. ಇದಕ್ಕೆ ಎವಿ ನೋಡ್ ಎನ್ನುತ್ತಾರೆ. ರೈಲ್ವೆ ಗೇಟಿನ ಹಾಗೆ ಇದು ಸಂಕೇತವನ್ನು ಕ್ಷಣಕಾಲ ತಡೆದು ಬಿಡುತ್ತದೆ. ಆ ಪುಟ್ಟ ಅವಧಿಯಲ್ಲಿ ಮೇಲಿನ ಕೋಣೆಯ ರಕ್ತ ಕೆಳಗೆ ಇಳಿಯುತ್ತದೆ. ಆಮೇಲೆ ಕೆಳಗಿನ ಕೋಣೆಗಳು ಜೋರಾಗಿ ಹಿಂಡಿ ರಕ್ತವನ್ನು ಹೊರಗೆ ತಳ್ಳುತ್ತವೆ. ನಾವು ಕೇಳುವ ಲಬ್-ಡಬ್ ಸದ್ದು ಈ ಕೆಳಗಿನ ಕೋಣೆಗಳ ಕೆಲಸದ್ದು.

ಲಯ ತಪ್ಪುವುದು ಎಂದರೆ ಈ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ವ್ಯತ್ಯಾಸವಾಗುವುದು. ಎಲ್ಲಿ ವ್ಯತ್ಯಾಸವಾಯಿತು ಎಂಬುದರ ಮೇಲೆ ಅದು ಸಹಜವೋ ಅಪಾಯವೋ ನಿರ್ಧಾರವಾಗುತ್ತದೆ.

ಕಾಯಿಲೆಯಲ್ಲದ 'ತಪ್ಪು': ಬ್ರೇಕ್ ಬಲವಾಗಿರುವುದರಿಂದ

ನಿಮಿಷಕ್ಕೆ 240 ಬಡಿಯಬಲ್ಲ ಹೃದಯವನ್ನು 30ಕ್ಕೆ ಇಳಿಸಿ ಹಿಡಿಯಲು ಬಲವಾದ ಬ್ರೇಕ್ ಬೇಕು. ಆ ಕೆಲಸ ಮಾಡುವುದು ವೇಗಸ್ ನರ. ಹೆಸರಿನಲ್ಲಿ 'ವೇಗ' ಕೇಳಿಸಿದರೂ ಇದರ ಕೆಲಸ ಹೃದಯವನ್ನು ನಿಧಾನಗೊಳಿಸುವುದು! ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ 'ಅಲೆದಾಡುವ' ಎಂದರ್ಥ. ಮೆದುಳಿನಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೆ ಹೋಗುವುದರಿಂದ ಆ ಹೆಸರು.

ಕುದುರೆ ಶಾಂತವಾಗಿ ನಿಂತಾಗ ಈ ನರ ಎವಿ ಗೇಟನ್ನು ಆಗಾಗ ಪೂರ್ತಿ ಮುಚ್ಚಿಬಿಡುತ್ತದೆ. ಮೇಲಿನ ಕೋಣೆ ಹಿಂಡಿಕೊಳ್ಳುತ್ತದೆ, ಆದರೆ ಸಂಕೇತ ಕೆಳಗೆ ಇಳಿಯುವುದಿಲ್ಲ, ಒಂದು ಲಬ್-ಡಬ್ ಬಿಟ್ಟುಹೋಗುತ್ತದೆ. ನಿಮಿಷಕ್ಕೆ 30 ಬಡಿತ ಎಂದರೆ ಎರಡು ಸೆಕೆಂಡಿಗೆ ಒಂದು. ಒಂದು ಬಿಟ್ಟುಹೋದರೆ ಸುಮಾರು ನಾಲ್ಕು ಸೆಕೆಂಡು ಮೌನ. ಮೊದಲ ಸಲ ಸ್ಟೆತಾಸ್ಕೋಪ್ ಇಟ್ಟವರಿಗೆ ಗಾಬರಿಯಾಗುವುದು ಸಹಜ. ಆದರೆ ಕಿವಿ ಪಳಗಿದವರಿಗೆ ಆ ಮೌನದಲ್ಲೂ ಒಂದು ಮೆಲ್ಲನೆಯ ಸದ್ದು ಕೇಳಿಸುತ್ತದೆ. ಅದು ಮೇಲಿನ ಕೋಣೆ ತನ್ನ ಸಮಯಕ್ಕೆ ಸರಿಯಾಗಿ ಕೆಲಸ ಮಾಡಿದ ಸದ್ದು.

ಇದನ್ನು ವೈದ್ಯರು ಎರಡನೇ ಹಂತದ ಎವಿ ಬ್ಲಾಕ್ ಎನ್ನುತ್ತಾರೆ. 'ಬ್ಲಾಕ್' ಎಂಬ ಪದ ಕೇಳಿ ಹೆದರಬೇಕಿಲ್ಲ, ರಕ್ತನಾಳದ ಬ್ಲಾಕ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಹೆಚ್ಚಾಗಿ ಕಾಣುವುದು ಚೆನ್ನಾಗಿ ತರಬೇತಾದ, ಗಟ್ಟಿಮುಟ್ಟಾದ ಕುದುರೆಗಳಲ್ಲೇ.

ಇದಕ್ಕೆ ಎರಡು ಗುರುತುಗಳಿವೆ. ಒಂದು, ಬಿಟ್ಟುಹೋಗುವುದರಲ್ಲೂ ಒಂದು ಕ್ರಮ ಇರುತ್ತದೆ. ಮೂರು ಬಡಿತ ಆಗಿ ಒಂದು ಬಿಡುವು, ಮತ್ತೆ ಮೂರು ಆಗಿ ಒಂದು ಬಿಡುವು, ಹೀಗೆ. ಎರಡು, ಕುದುರೆಯನ್ನು ಸ್ವಲ್ಪ ಚುರುಕಾಗಿ ನಡೆಸಿದರೆ, ಓಡಿಸಿದರೆ ಬ್ರೇಕ್ ಸಡಿಲವಾಗಿ ಬಿಡುವು ಮಾಯವಾಗುತ್ತದೆ. ಕುಮಟಾ, ಹೊನ್ನಾವರದ ಕಡೆ ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮದ್ದಳೆ ಒಂದು ಪೆಟ್ಟು ಬಿಟ್ಟರೂ ತಾಳ ಒಳಗೊಳಗೇ ನಡೆಯುತ್ತಿರುತ್ತದೆ, ಮುಂದಿನ ಪೆಟ್ಟು ಬೀಳಬೇಕಾದಲ್ಲೇ ಬೀಳುತ್ತದೆ.

ತಾಳವೇ ಇಲ್ಲದ ಬಡಿತ: ಏಟ್ರಿಯಲ್ ಫಿಬ್ರಿಲೇಷನ್

ಕುದುರೆಗಳ ಓಟದ ಸಾಮರ್ಥ್ಯವನ್ನು ಕುಗ್ಗಿಸುವ ಲಯದೋಷಗಳಲ್ಲಿ ಮುಖ್ಯವಾದದ್ದು ಏಟ್ರಿಯಲ್ ಫಿಬ್ರಿಲೇಷನ್. ಚಿಕ್ಕದಾಗಿ ಎಎಫ್. ಇದರಲ್ಲಿ ಮೇಲಿನ ಕೋಣೆಗಳ ಸ್ನಾಯು ಒಟ್ಟಾಗಿ ಹಿಂಡಿಕೊಳ್ಳುವುದನ್ನು ಬಿಟ್ಟು ಅಲ್ಲಲ್ಲೇ ಅದುರಲು ಶುರುಮಾಡುತ್ತದೆ. ಒಂದು ಸಂಕೇತದ ಬದಲು ನಿಮಿಷಕ್ಕೆ ನೂರಾರು ಚೂರು ಸಂಕೇತಗಳು ಎವಿ ಗೇಟಿಗೆ ಬಂದು ಬಡಿಯುತ್ತವೆ. ಗೇಟು ಯಾವುದನ್ನು ಒಳಬಿಡುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಎರಡು ಬಡಿತ ಹತ್ತಿರ ಹತ್ತಿರ, ಮುಂದಿನದು ದೂರ, ಆಮೇಲೆ ಮೂರು ಒಟ್ಟಿಗೆ, ಹೀಗೆ ಊಹಿಸಲಾಗದಂತೆ ಬಡಿಯುತ್ತದೆ.

ಇಲ್ಲೊಂದು ವಿಚಿತ್ರವಿದೆ. ಎಎಫ್ ಇರುವ ಕುದುರೆ ಸುಮ್ಮನೆ ನಿಂತಾಗ ಆರಾಮಾಗಿಯೇ ಇರಬಹುದು. ಬಲವಾದ ಬ್ರೇಕ್ ಇರುವುದರಿಂದ ಕೆಳಗಿನ ಕೋಣೆಗಳ ಬಡಿತ ನಿಮಿಷಕ್ಕೆ 30-40ರ ಆಸುಪಾಸಿನಲ್ಲೇ ಉಳಿಯಬಹುದು. ಮೆಲ್ಲನೆ ನಡೆಯುವ, ಮಕ್ಕಳನ್ನು ಕೂರಿಸಿಕೊಂಡು ಕಡಲ ದಂಡೆಯಲ್ಲಿ ಸುತ್ತುವ ಕುದುರೆಯಲ್ಲಿ ಎಎಫ್ ಇದ್ದರೂ ಯಾರಿಗೂ ತಿಳಿಯದೆ ವರ್ಷಗಟ್ಟಲೆ ಹಾಗೇ ಇರಬಹುದು. ತೊಂದರೆ ಗೊತ್ತಾಗುವುದು ಜೋರಾಗಿ ಓಡಬೇಕಾದಾಗ. ಆಗ ಮೇಲಿನ ಕೋಣೆಗಳು ಕೆಳಗಿನವನ್ನು ತುಂಬಿಸಲು ನೆರವಾಗಬೇಕು, ಆದರೆ ಅವು ಅದುರುತ್ತಾ ಕುಳಿತಿವೆ. ಕೆಳಗಿನ ಕೋಣೆಗಳು ಅರ್ಧಂಬರ್ಧ ತುಂಬಿ, ಅತಿ ವೇಗವಾಗಿ ಬಡಿಯುತ್ತವೆ. ಮುಂದಿದ್ದ ಕುದುರೆ ಓಟದ ನಡುವೆ ಏಕಾಏಕಿ ಹಿಂದೆ ಬೀಳುತ್ತದೆ. ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ, ಅಪರೂಪಕ್ಕೆ ಕುಸಿಯುತ್ತದೆ.

ಎಎಫ್ ಅರ್ಥವಾಗಿದ್ದರಲ್ಲಿ ಕುದುರೆಗಳ ಪಾಲೂ ಇದೆ. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ 20ನೇ ಶತಮಾನದ ಆರಂಭದಲ್ಲಿ, ಆಗಷ್ಟೇ ಬಂದಿದ್ದ ಇಸಿಜಿ ಯಂತ್ರದಿಂದ ಮನುಷ್ಯರ ಅಡ್ಡಾದಿಡ್ಡಿ ನಾಡಿಗೆ ಮೇಲಿನ ಕೋಣೆಗಳ ಅದುರುವಿಕೆಯೇ ಕಾರಣ ಎಂದು ವಾದಿಸಿದರು. ಆದರೆ ಅದನ್ನು ಕಣ್ಣಾರೆ ನೋಡಲು ರೋಗಿಯ ಎದೆ ತೆರೆಯುವಂತಿರಲಿಲ್ಲ. ಅದೇ ಬಗೆಯ ನಾಡಿ ಇದ್ದ ಕುದುರೆಗಳಲ್ಲಿ ಅವರು ಅದನ್ನು ಪರೀಕ್ಷಿಸಿ 1911-12ರಲ್ಲಿ ಪ್ರಕಟಿಸಿದರು.

ಎಎಫ್ ಕುದುರೆಗೇ ಏಕೆ ಇಷ್ಟು ಸುಲಭವಾಗಿ ಬರುತ್ತದೆ?

ಕುದುರೆಯನ್ನು ಓಟಗಾರನನ್ನಾಗಿ ಮಾಡಿದ ಗುಣಗಳೇ ಇದಕ್ಕೆ ದಾರಿ ಮಾಡಿಕೊಡುತ್ತವೆ.

ಮೊದಲನೆಯದು ಗಾತ್ರ. ಅದುರುವಿಕೆ ನಿಲ್ಲದೆ ಮುಂದುವರಿಯಬೇಕಾದರೆ ಸಂಕೇತಗಳು ಸುತ್ತು ಹೊಡೆಯಲು ಜಾಗ ಬೇಕು. ಅಮೆರಿಕದ ವಾಲ್ಟರ್ ಗ್ಯಾರಿ 1914ರಲ್ಲೇ ಇದನ್ನು ಗುರುತಿಸಿದ್ದರು. ಹೃದಯದ ಸ್ನಾಯುವನ್ನು ಸಣ್ಣ ಚೂರುಗಳಾಗಿ ಕತ್ತರಿಸುತ್ತಾ ಹೋದರೆ ಒಂದು ಹಂತದಲ್ಲಿ ಅದುರುವುದು ತಾನಾಗಿ ನಿಲ್ಲುತ್ತದೆ. ಇಲಿ, ಬೆಕ್ಕಿನಂಥ ಸಣ್ಣ ಪ್ರಾಣಿಗಳ ಹೃದಯದಲ್ಲಿ ಎಎಫ್ ಶುರುವಾದರೂ ಉಳಿಯುವುದು ಕಷ್ಟ. ಕುದುರೆಯ ಮೇಲಿನ ಕೋಣೆಗಳು ಅಷ್ಟು ದೊಡ್ಡವಾದ್ದರಿಂದ ಬೇರೆ ಯಾವ ಹೃದಯರೋಗ ಇಲ್ಲದಿದ್ದರೂ ಎಎಫ್ ನೆಲೆಯೂರಬಲ್ಲದು. ಚಿಕ್ಕ ಗಾತ್ರದ ಪೋನಿಗಳಲ್ಲಿ ಇದು ಕಡಿಮೆ.

ಎರಡನೆಯದು ಅದೇ ವೇಗಸ್ ನರ. ಅದು ಮೇಲಿನ ಕೋಣೆಯ ಜೀವಕೋಶಗಳು ಒಂದು ಬಡಿತದ ನಂತರ ತೆಗೆದುಕೊಳ್ಳುವ ವಿಶ್ರಾಂತಿಯ ಸಮಯವನ್ನು ಕಡಿಮೆ ಮಾಡುತ್ತದೆ. ವಿಶ್ರಾಂತಿ ಕಡಿಮೆಯಾದರೆ ಜೀವಕೋಶ ಬೇಗನೆ ಮತ್ತೊಂದು ಸಂಕೇತಕ್ಕೆ ಸಿದ್ಧವಾಗುತ್ತದೆ. ಅಕಾಲಿಕವಾಗಿ ಹುಟ್ಟಿದ ಒಂದು ಬಡಿತ ಆ ಹೊತ್ತಿಗೆ ಸಿಕ್ಕಿದರೆ ಸುತ್ತು ಶುರುವಾಗುತ್ತದೆ.

ಮೂರನೆಯದು ಬೆವರು. ಮನುಷ್ಯರ ಬೆವರಿನಲ್ಲಿ ಉಪ್ಪಿನಂಶ ರಕ್ತದಲ್ಲಿರುವುದಕ್ಕಿಂತ ಕಡಿಮೆ. ಕುದುರೆಯ ಬೆವರಿನಲ್ಲಿ ಅಷ್ಟೇ ಅಥವಾ ಅದಕ್ಕೂ ಹೆಚ್ಚು. ಬಿಸಿಲಿನಲ್ಲಿ ದುಡಿಯುವ ಕುದುರೆ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರಬಲ್ಲದು. ಅದರ ಜೊತೆ ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಹೊರಹೋಗುತ್ತವೆ. ಹೃದಯದ ವಿದ್ಯುತ್ತು ನಡೆಯುವುದೇ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಇವುಗಳ ಹದದ ಮೇಲೆ. ನಮ್ಮ ಕರಾವಳಿಯ ಹವೆಯಲ್ಲಿ ಇನ್ನೊಂದು ತೊಡಕಿದೆ. ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ, ಬೆವರುವುದು ಮುಂದುವರಿಯುತ್ತದೆ. ಏಪ್ರಿಲ್-ಮೇ ಮದುವೆ ಕಾಲದಲ್ಲಿ ನೀರು, ಹುಲ್ಲು ಇಲ್ಲದೆ ಗಂಟೆಗಟ್ಟಲೆ ನಿಲ್ಲಿಸಿ, ಕಿವಿ ಪಕ್ಕದಲ್ಲೇ ಡಿಜೆ, ಪಟಾಕಿ ಹಾಕಿದರೆ ಕುದುರೆಯ ಮೈಯಲ್ಲಿ ಉಪ್ಪಿನಂಶದ ನಷ್ಟವೂ ಹೆದರಿಕೆಯ ಅಡ್ರಿನಲಿನ್ ಏರಿಕೆಯೂ ಒಟ್ಟಿಗೆ ಸೇರುತ್ತವೆ. ಮೂತ್ರ ಹೆಚ್ಚಿಸುವ ಔಷಧಿಗಳಿಂದಲೂ ಪೊಟ್ಯಾಸಿಯಂ ನಷ್ಟವಾಗುತ್ತದೆ.

ನಾಲ್ಕನೆಯದು ನಿಜವಾದ ಹೃದಯರೋಗ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟ ಸೋರಿದರೆ ರಕ್ತ ಹಿಂದಕ್ಕೆ ಬಂದು ಮೇಲಿನ ಕೋಣೆ ಹಿಗ್ಗುತ್ತಾ ಹೋಗುತ್ತದೆ. ವಯಸ್ಸಾದ ಕುದುರೆಗಳಲ್ಲಿ ಈ ಕಾರಣ ಮುಖ್ಯ.

ಎಎಫ್ ಒಮ್ಮೆ ಬಂದರೆ ಉಳಿಯುತ್ತದೆಯೇ? ರೇಸ್ ಕುದುರೆಗಳಲ್ಲಿ ಓಟದ ನಡುವೆ ಬಂದದ್ದು ಹಲವು ಸಲ ಒಂದೆರಡು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಉಳಿದುಬಿಟ್ಟರೆ ಮಾತ್ರ ದಿನ ಕಳೆದಷ್ಟೂ ಬೇರು ಬಿಡುತ್ತದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಆಡುಗಳ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ತೋರಿಸಿತು. ಕೃತಕವಾಗಿ ಎಎಫ್ ಹುಟ್ಟಿಸುತ್ತಾ ಹೋದಂತೆ ಮೇಲಿನ ಕೋಣೆಯ ಸ್ನಾಯುವೇ ಬದಲಾಗಿ, ಮುಂದಿನ ಸಲ ಎಎಫ್ ಇನ್ನೂ ಸುಲಭವಾಗಿ ಬಂದು ಇನ್ನೂ ಹೆಚ್ಚು ಹೊತ್ತು ಉಳಿಯಿತು. ಬೇಗ ಪತ್ತೆ ಮಾಡಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ.

ಹೆಚ್ಚು ಅಪಾಯ ಕೆಳಗಿನ ಕೋಣೆಗಳಿಂದ

ಗೇಟು ದಾಟಿ ಬರಬೇಕಾದ ಸಂಕೇತಕ್ಕೆ ಕಾಯದೆ ಕೆಳಗಿನ ಕೋಣೆಯ ಸ್ನಾಯುವೇ ಸಂಕೇತ ಹುಟ್ಟಿಸಲು ಶುರುಮಾಡಿದರೆ ಅಪಾಯ ಹೆಚ್ಚು. ಜೋರಾಗಿ ಓಡಿ ನಿಂತ ಆರೋಗ್ಯವಂತ ಕುದುರೆಯಲ್ಲೂ ಅಂಥ ಒಂದೆರಡು ಬಡಿತ ಕಾಣಬಹುದು. ಆದರೆ ಅವು ಸಾಲುಸಾಲಾಗಿ ಬಂದರೆ ಹೃದಯ ರಕ್ತ ತಳ್ಳಲಾರದು. ಹೃದಯದ ಸ್ನಾಯುವಿನ ಉರಿಯೂತ, ತೀವ್ರ ಹೊಟ್ಟೆನೋವು ಮತ್ತು ಅದರಿಂದ ರಕ್ತಕ್ಕೆ ಸೇರುವ ನಂಜು, ಉಪ್ಪಿನಂಶದ ಏರುಪೇರು ಹಾಗೂ ವಿಷಗಳು ಇದಕ್ಕೆ ಕಾರಣ. ಕೊನೆಯದರ ಬಗ್ಗೆ ನಮ್ಮ ಕಡೆಯವರು ತಿಳಿದಿರಲೇಬೇಕಾದ ಮೂರು ವಿಷಯಗಳಿವೆ.

ಕೋಳಿ ಫೀಡ್: ಕೋಳಿಗಳಿಗೆ ಬರುವ ಒಂದು ಕರುಳಿನ ಕಾಯಿಲೆ ತಡೆಯಲು ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸುತ್ತಾರೆ. ಕೆಲವು ದೇಶಗಳಲ್ಲಿ ದನದ ಆಹಾರದಲ್ಲೂ ಇರುತ್ತದೆ. ಕೋಳಿ ಮತ್ತು ದನಕ್ಕೆ ಸಹ್ಯವಾದ ಈ ಔಷಧಿ ಕುದುರೆಗೆ ತೀರಾ ಸಣ್ಣ ಪ್ರಮಾಣದಲ್ಲೂ ಮಾರಕ. ಅದು ಹೃದಯದ ಸ್ನಾಯುವನ್ನೇ ಕೊಲ್ಲುತ್ತದೆ. ಬದುಕುಳಿದ ಕುದುರೆಯ ಹೃದಯದಲ್ಲಿ ಗಾಯದ ಕಲೆ ಉಳಿದು, ತಿಂಗಳುಗಳ ನಂತರ ಓಡುವಾಗ ಕುಸಿಯಬಹುದು. ಒಂದೇ ಕೊಟ್ಟಿಗೆಯಲ್ಲಿ ಕೋಳಿ, ದನ, ಕುದುರೆ ಇದ್ದರೆ ಚೀಲಗಳು ಬೇರೆ ಬೇರೆ ಇರಲಿ. ಅಳೆಯುವ ಸೇರು, ಬಕೆಟ್ ಕೂಡ ಬೇರೆ ಇರಲಿ.

ಕಣಗಿಲೆ: ಅಂಗಳದಲ್ಲಿ, ದೇವಸ್ಥಾನದ ಬಳಿ, ಹೆದ್ದಾರಿಯ ನಡುವೆ ಬೆಳೆಸುವ ಈ ಗಿಡದ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಅದರಲ್ಲಿರುವ ಓಲಿಯಾಂಡ್ರಿನ್ ಹೃದಯದ ಜೀವಕೋಶಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಸಾಗಿಸುವ ವ್ಯವಸ್ಥೆಯನ್ನೇ ನಿಲ್ಲಿಸುತ್ತದೆ. ಆಗ ಲಯ ಕೆಡುತ್ತದೆ. ಹಳದಿ ಹೂವಿನ ಕಣಗಿಲೆಯೂ ಹಾಗೇ. ಹಸಿ ಎಲೆ ಕಹಿ ಎಂದು ಪ್ರಾಣಿಗಳು ಬಿಡಬಹುದು, ಆದರೆ ಕತ್ತರಿಸಿ ಒಣಗಿದ ಎಲೆ ಹುಲ್ಲಿನ ಜೊತೆ ಸೇರಿದರೆ ತಿಂದುಬಿಡುತ್ತವೆ. ಒಣಗಿದರೂ ವಿಷ ಹೋಗುವುದಿಲ್ಲ. ಮನುಷ್ಯರಿಗೂ ಇದು ಅಪಾಯಕಾರಿ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವಿನ ಬಳಕೆ ನಿಲ್ಲಿಸಿತು. ಮಲಯಾಳದಲ್ಲಿ ಇದರ ಹೆಸರು 'ಅರಳಿ'. ಕನ್ನಡದ ಅರಳಿ ಮರವೇ ಬೇರೆ, ಇದೇ ಬೇರೆ. ಆ ಸುದ್ದಿಯ ಮೆಸೇಜ್ ಬಂದರೆ ಗೊಂದಲ ಮಾಡಿಕೊಳ್ಳಬೇಡಿ.

ಟಾನಿಕ್ ಮತ್ತು ಇಂಜೆಕ್ಷನ್: 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಂದೇ ಪೋಲೊ ತಂಡದ 21 ಕುದುರೆಗಳು ಪಂದ್ಯಕ್ಕೆ ಮುನ್ನ ಒಂದರ ಹಿಂದೊಂದು ಕುಸಿದು ಸತ್ತವು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಗೊತ್ತಾದ ಕಾರಣ, ಅವಕ್ಕೆ ಕೊಟ್ಟ ಪೂರಕದಲ್ಲಿ ಸೆಲೆನಿಯಂ ಅಳತೆ ಮೀರಿ ಬೆರೆತಿದ್ದದ್ದು. ಸೆಲೆನಿಯಂ ದೇಹಕ್ಕೆ ಬೇಕಾದದ್ದೇ, ಆದರೆ ಪ್ರಮಾಣ ತಪ್ಪಿದರೆ ವಿಷ. ಕ್ಯಾಲ್ಸಿಯಂ ಇಂಜೆಕ್ಷನ್ ಕೂಡ ರಕ್ತನಾಳಕ್ಕೆ ವೇಗವಾಗಿ ಕೊಟ್ಟರೆ ಹೃದಯದ ಲಯ ಕೆಡಿಸಬಲ್ಲದು. ವೈದ್ಯರಲ್ಲದವರ ಕೈಯಿಂದ 'ಶಕ್ತಿಗೆ' ಎಂದು ಇಂಜೆಕ್ಷನ್ ಹಾಕಿಸಬೇಡಿ.

ಹಾಗಾದರೆ 'ಹಾರ್ಟ್ ಅಟ್ಯಾಕ್' ಎನ್ನುವುದು ಏಕೆ ತಪ್ಪು?

ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕೊಬ್ಬು, ಹೆಪ್ಪುಗಳಿಂದ ಕಟ್ಟಿಕೊಂಡು ಆ ಭಾಗ ಸಾಯುವುದು. ಹುಲ್ಲು ತಿಂದು ಬದುಕುವ ಕುದುರೆಯಲ್ಲಿ ನಾಳಗಳು ಹಾಗೆ ಕಟ್ಟಿಕೊಳ್ಳುವುದು ಬಹಳ ಅಪರೂಪ. ಕುದುರೆ ದಿಢೀರ್ ಸತ್ತಾಗ ಕಾರಣ ದೊಡ್ಡ ರಕ್ತನಾಳ ಒಡೆದಿರಬಹುದು, ಶ್ವಾಸಕೋಶದಲ್ಲಿ ತೀವ್ರ ರಕ್ತಸ್ರಾವ ಆಗಿರಬಹುದು, ಮೂಳೆ ಮುರಿತ ಇರಬಹುದು, ವಿಷ ಇರಬಹುದು ಅಥವಾ ಹೃದಯದ ಲಯ ಕೆಟ್ಟಿರಬಹುದು.

ಲಯ ಕೆಟ್ಟು ಸತ್ತಿದ್ದರೆ ಅದನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಕರೆಂಟ್ ಹೋದ ಮನೆಯಲ್ಲಿ ಬಲ್ಬು, ವೈರು ಎಲ್ಲ ಸರಿಯಾಗೇ ಕಾಣುವಂತೆ, ಮರಣೋತ್ತರ ಪರೀಕ್ಷೆಯಲ್ಲಿ ಹೃದಯ ಚೆನ್ನಾಗೇ ಕಾಣಬಹುದು. ರೇಸ್ ಕುದುರೆಗಳ ದಿಢೀರ್ ಸಾವಿನ ಅಧ್ಯಯನಗಳಲ್ಲಿ ಒಂದಷ್ಟು ಪ್ರಕರಣಗಳಿಗೆ ಖಚಿತ ಕಾರಣವೇ ಸಿಗುವುದಿಲ್ಲ. ಆದರೆ ಹೊಟ್ಟೆಯಲ್ಲಿರುವ ಎಲೆಚೂರು, ಆಹಾರದ ಮಾದರಿ, ರಕ್ತದ ಮಾದರಿ ಸುಳಿವು ಕೊಡಬಲ್ಲವು. 'ಹಾರ್ಟ್ ಅಟ್ಯಾಕ್' ಎಂದು ಹೇಳಿ ಹೂತುಬಿಟ್ಟರೆ ಆ ಸುಳಿವೂ ಹೂತುಹೋಗುತ್ತದೆ. ಅದೇ ಫೀಡ್ ತಿನ್ನುವ ಪಕ್ಕದ ಕುದುರೆಗೆ ಅಪಾಯ ಉಳಿದೇ ಇರುತ್ತದೆ.

ಕಾರಣ ಕೇಳದೆ ಸಾವನ್ನು ಲೆಕ್ಕಕ್ಕೆ ಹಾಕುವುದು ನಮ್ಮ ಕರಾವಳಿಯಲ್ಲಿ ಹಳೆಯ ಕಥೆ. ಭಟ್ಕಳ, ಹೊನ್ನಾವರದ ಬಂದರುಗಳು ಒಂದು ಕಾಲದಲ್ಲಿ ಅರಬ್ ಮತ್ತು ಪರ್ಷಿಯಾದ ಕುದುರೆಗಳು ವಿಜಯನಗರಕ್ಕೆ ಇಳಿಯುವ ದಾರಿಯಾಗಿದ್ದವು. ಹೊರ್ಮುಜ್‌ನಿಂದ ವಾರಗಟ್ಟಲೆ ಹಡಗಿನಲ್ಲಿ ನಿಂತು ಬರುವ ಕುದುರೆಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತಿದ್ದವು. 16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿರುವಂತೆ, ಸಾಳುವ ನರಸಿಂಹ ಕುದುರೆ ಸತ್ತರೂ ಬದುಕಿದರೂ ಹಣ ಕೊಡುತ್ತಿದ್ದ. ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕಿತ್ತು. ಅಂದು ಕಾರಣ ತಿಳಿಯುವ ಉಪಕರಣ ಇರಲಿಲ್ಲ. ಇಂದು ಇದೆ.

ಕುದುರೆ ಸಾಕುವವರು ಏನು ಗಮನಿಸಬೇಕು?

ನಾಡಿ ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಕೆಳದವಡೆಯ ಮೂಳೆಯ ಅಂಚಿನಲ್ಲಿ, ಒಳಬದಿಗೆ ಒಂದು ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಬೆರಳ ತುದಿಯನ್ನು ಮೆಲ್ಲನೆ ಒತ್ತಿ. ಸ್ಟೆತಾಸ್ಕೋಪ್ ಇದ್ದರೆ ಎಡ ಮುಂಗಾಲಿನ ಮೊಣಕೈಯ ಹಿಂದೆ ಇಡಿ.

1. ಕುದುರೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಬಿಟ್ಟುಹೋದ ಬಡಿತ ಗೊತ್ತಾಗುವುದಿಲ್ಲ.
2. ಬಿಡುವು ಇದ್ದರೆ ಅದರಲ್ಲಿ ಕ್ರಮ ಇದೆಯೇ ನೋಡಿ.
3. ಕೆಲವು ನಿಮಿಷ ಚುರುಕಾಗಿ ನಡೆಸಿ ಮತ್ತೆ ನೋಡಿ. ಬಡಿತ ಒಂದೇ ಸಮನೆ ಆದರೆ ಹೆಚ್ಚಾಗಿ ಚಿಂತೆ ಇಲ್ಲ. ನಡೆಸಿದ ಮೇಲೂ ಅಡ್ಡಾದಿಡ್ಡಿಯಾಗಿದ್ದರೆ ವೈದ್ಯರನ್ನು ಕರೆಯಿರಿ.
4. ಸುಮ್ಮನೆ ನಿಂತಾಗಲೂ ಬಡಿತ 60 ಮೀರಿದ್ದರೆ, ಕಾಲು ನಡುಗುತ್ತಿದ್ದರೆ, ಎದೆಯ ಕೆಳಗೆ ಊತ ಬಂದಿದ್ದರೆ, ಕುಸಿದಿದ್ದರೆ ತಡಮಾಡಬೇಡಿ. ಸವಾರಿ ಕೂಡಲೇ ನಿಲ್ಲಿಸಿ.

ನಾಲ್ಕನೆಯದನ್ನು ಒತ್ತಿ ಹೇಳಲು ಕಾರಣವಿದೆ. ಎಎಫ್ ಇರುವ ಕೆಲವು ಕುದುರೆಗಳಲ್ಲಿ ಓಡುವಾಗ ಕೆಳಗಿನ ಕೋಣೆಯ ಅಪಾಯಕಾರಿ ಬಡಿತಗಳೂ ಸೇರಿಕೊಳ್ಳುತ್ತವೆ. ನೂರಾರು ಕಿಲೋ ತೂಕದ ಪ್ರಾಣಿ ಕುಸಿದರೆ ಮೇಲೆ ಕುಳಿತ ವರ, ಮಗು ಅಥವಾ ಸವಾರ ಅದರಡಿ ಸಿಲುಕಬಹುದು. ಅಂಥ ಕುದುರೆಯನ್ನು ಮತ್ತೆ ಬಳಸುವ ಮುನ್ನ ಓಡಿಸಿ ಇಸಿಜಿ ತೆಗೆಸಬೇಕು ಎಂಬುದು ತಜ್ಞರ ಸಲಹೆ.

ರಾಜ್ಯದಲ್ಲಿ ಪಶುವೈದ್ಯರ ಸಂಚಾರಿ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಬೆಳಕೆಯಂಥ ಊರಿನಲ್ಲಿ ಕುದುರೆಯ ಇಸಿಜಿ ಕೂಡಲೇ ಸಿಗುವುದು ಕಷ್ಟವೇ. ಸ್ಥಳೀಯ ವೈದ್ಯರು ಮೊದಲು ನೋಡಿ, ಬೇಕಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳನ್ನೂ ಟಿಪ್ಪು ಕಾಲದಿಂದ ಬಂದ ಕುಣಿಗಲ್ ಸ್ಟಡ್ ಫಾರ್ಮ್‌ನ ಕುದುರೆಗಳನ್ನೂ ನೋಡಿಕೊಳ್ಳಲು ಕುದುರೆ ವೈದ್ಯರಿದ್ದಾರೆ. ಮೆರವಣಿಗೆ ಕುದುರೆಗಳಿಗೆ ಆ ಭಾಗ್ಯ ಕಡಿಮೆ. ಆದ್ದರಿಂದ ಮಾಲೀಕರ ಬೆರಳೇ ಮೊದಲ ಪರೀಕ್ಷೆ.

ಚಿಕಿತ್ಸೆ ಇದೆಯೇ?

ಇದೆ. ಹೃದಯದಲ್ಲಿ ಬೇರೆ ರೋಗ ಇಲ್ಲದ, ಹೊಸದಾಗಿ ಎಎಫ್ ಬಂದ ಕುದುರೆಗಳಲ್ಲಿ ಫಲಿತಾಂಶ ಚೆನ್ನಾಗಿದೆ, ಹಲವು ಮತ್ತೆ ಓಟಕ್ಕೆ ಮರಳುತ್ತವೆ. ಮುಖ್ಯ ಔಷಧಿ ಕ್ವಿನಿಡಿನ್. ಇದು ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನ ಸಂಬಂಧಿ, ಎರಡೂ ಸಿಂಕೋನಾ ಮರದ ತೊಗಟೆಯಿಂದ ಬಂದವು. ಅದನ್ನು ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ಕೊಳವೆಯಿಂದ ಕೊಡುತ್ತಾರೆ. ಕೊಡುವಾಗ ಇಸಿಜಿ ನೋಡುತ್ತಲೇ ಇರಬೇಕು, ಏಕೆಂದರೆ ಈ ಔಷಧಿಯೇ ಬೇರೆ ಲಯದೋಷ ತರಬಲ್ಲದು. ಇನ್ನೊಂದು ವಿಧಾನದಲ್ಲಿ ಕುತ್ತಿಗೆಯ ರಕ್ತನಾಳದಿಂದ ಹೃದಯದವರೆಗೆ ತಂತಿ ಇಳಿಸಿ, ಅರಿವಳಿಕೆ ಕೊಟ್ಟು, ವಿದ್ಯುತ್ ಆಘಾತ ನೀಡಿ ಲಯ ಸರಿಪಡಿಸುತ್ತಾರೆ. ಎರಡೂ ಆಸ್ಪತ್ರೆಯಲ್ಲೇ ಆಗಬೇಕಾದವು. ಸಹಜ ಎವಿ ಬ್ಲಾಕ್ ಇರುವ ಕುದುರೆಗೆ ಯಾವ ಔಷಧಿಯೂ ಬೇಡ.

ಇದು ಮನುಷ್ಯರಿಗೂ ಅನ್ವಯಿಸುತ್ತದೆಯೇ?

ಅರ್ಧ ಮಾತ್ರ. ಎಎಫ್ ಹುಟ್ಟುವ ರೀತಿ ಒಂದೇ ಬಗೆಯದು. ಆದರೆ ಮನುಷ್ಯರಲ್ಲಿ ಎಎಫ್ ಬಂದರೆ ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಅಪಾಯ ದೊಡ್ಡದು. ಕುದುರೆಗಳಲ್ಲಿ ಅದು ಮುಖ್ಯ ಸಮಸ್ಯೆಯಲ್ಲ. ಆದ್ದರಿಂದ 'ಕುದುರೆಗೂ ಬಡಿತ ತಪ್ಪುತ್ತದೆ, ನನಗೂ ತಪ್ಪುತ್ತದೆ, ಏನೂ ಆಗಲ್ಲ' ಎಂದು ಕುಳಿತುಕೊಳ್ಳಬೇಡಿ. ನಿಮ್ಮ ನಾಡಿ ಅಡ್ಡಾದಿಡ್ಡಿ ಅನ್ನಿಸಿದರೆ ಅಥವಾ ಕೈಗಡಿಯಾರ ಹಾಗೆ ತೋರಿಸಿದರೆ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ ಜೊತೆಗಿದ್ದರೆ ಕೂಡಲೇ ಹೋಗಿ.

ಫಾರ್ವರ್ಡ್ ಮಾಡುವ ಮುನ್ನ

ಕುದುರೆ ಕುಸಿದ ವಿಡಿಯೊ ನೋಡಿ ಕಾರಣ ಹೇಳಲು ಪಶುವೈದ್ಯರಿಂದಲೂ ಆಗುವುದಿಲ್ಲ. 'ಹಾರ್ಟ್ ಅಟ್ಯಾಕ್' ಎಂಬ ಸಾಲನ್ನು ಅಳಿಸಿ. ಕಳಿಸಲೇಬೇಕು ಅನ್ನಿಸಿದರೆ ಈ ನಾಲ್ಕು ಮಾತು ಕಳಿಸಿ: ಮೆರವಣಿಗೆ ಕುದುರೆಗೆ ನೀರು, ನೆರಳು ಕೊಡಿ. ಕೋಳಿ ಫೀಡ್ ಕುದುರೆಯಿಂದ ದೂರವಿಡಿ. ಕಣಗಿಲೆ ಕತ್ತರಿಸಿದ ಸೊಪ್ಪನ್ನು ಪ್ರಾಣಿಗಳಿಗೆ ಸಿಗದಂತೆ ವಿಲೇವಾರಿ ಮಾಡಿ. ಎದೆಬಡಿತ ನಡುವೆ ನಿಂತಂತೆ ಕಂಡರೆ ನಡೆಸಿ ನೋಡಿ, ಆಗಲೂ ಸರಿಯಾಗದಿದ್ದರೆ 1962ಕ್ಕೆ ಕರೆ ಮಾಡಿ.